ಉಪ್ಪಿನ ಗಡಿಗೆಯ ಢಬ್ಬು

ಹಳೆಯ ತಾಮ್ರದ ನಾಣ್ಯ ತೊಳೆಯುವುದು ಹೇಗೆ ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ತೊಳೆಯಬೇಡಿ. ಬಂದವರ ಮುಖ ಸಪ್ಪಗಾಗುತ್ತದೆ. ಅವರು ಮನೆಯಿಂದ ಹೊರಡುವಾಗಲೇ ಹುಣಸೆಹಣ್ಣು ನೆನೆಹಾಕಿ ಬಂದಿರುತ್ತಾರೆ. ನಾನು ಹೂಂ ಅಂದರೆ ಸಾಕು, ಹೋಗಿ ಗಸಗಸ ಉಜ್ಜಿಬಿಡುವ ತಯಾರಿ. ದೇವರ ತಂಬಿಗೆ ಬೆಳಗಿದ ಹಾಗೆ ನಾಣ್ಯವನ್ನೂ ಬೆಳಗಬೇಕು ಎನ್ನುವುದು ನಮ್ಮ ಕಡೆಯ ಹೆಂಗಸರ ಕೈಗೆ ಅಂಟಿದ ಚಟ. ತಾಮ್ರ ಅಂದಮೇಲೆ ಕೆಂಪಗೆ ಹೊಳೆಯಬೇಕು, ಹೊಳೆಯದಿದ್ದರೆ ಆ ಮನೆಯವಳು ಮೈಗಳ್ಳಿ ಎಂದು ಅರ್ಥ. ನಾಣ್ಯದ ಮೇಲಿನ ಕಂದು ಬಣ್ಣ ಕೊಳೆ ಅಲ್ಲ, ಅದು ತಾಮ್ರ ನೂರಾರು ವರ್ಷ ಗಾಳಿಯಲ್ಲಿ ಮಣ್ಣಿನಲ್ಲಿ ಇದ್ದು ತಾನೇ ಬೆಳೆಸಿಕೊಂಡ ಚರ್ಮ, ಅದನ್ನು ಸುಲಿದರೆ ಅಕ್ಷರವೂ ಅದರ ಜೊತೆಗೇ ಹೋಗುತ್ತದೆ ಎಂದು ಎಷ್ಟು ಹೇಳಿದರೂ ಅವರಿಗೆ ಪಥ್ಯವಾಗುವುದಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ. ಎರಡನೆಯ ಸಲ ಕೇಳಿದರೆ ಚಹಾ ಕೊಟ್ಟು ಕಳಿಸುತ್ತೇನೆ.

ಕಲಬುರಗಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ನನ್ನ ಬಳಿ ಒಂದು ಮರದ ಪೆಟ್ಟಿಗೆ ಇದೆ. ಅದರೊಳಗೆ ಹಲಗೆಗಳು, ಹಲಗೆಯಲ್ಲಿ ದುಂಡಗೆ ಕೊರೆದ ಗುಂಡಿಗಳು, ಗುಂಡಿಗೊಂದು ನಾಣ್ಯ. ಬೆಳ್ಳಿ ಬಂಗಾರ ಏನೂ ಇಲ್ಲ, ಎಲ್ಲ ತಾಮ್ರ. ನಮ್ಮ ಜಿಲ್ಲೆಯಲ್ಲಿ ಹೊಲ ಉತ್ತರೆ ಕೆಲವು ಸಲ ಸುಲ್ತಾನರ ಕಾಲದ ತಾಮ್ರ ಮೇಲೆ ಬರುತ್ತದೆ, ಹಳೇ ಮನೆ ಕೆಡವಿದರೆ ಹೈದರಾಬಾದ್ ಸಂಸ್ಥಾನದ್ದು ಸಿಗುತ್ತದೆ. ನನ್ನ ಯಜಮಾನರು ಪೆಟ್ಟಿಗೆಗೆ ಗುಜರಿ ಅಂಗಡಿ ಎಂದು ಹೆಸರಿಟ್ಟಿದ್ದಾರೆ. ಮೂವತ್ತು ವರ್ಷದಿಂದ ಅದೇ ಹಾಸ್ಯ, ಅವರಿಗೆ ಇನ್ನೂ ಬೇಸರ ಬಂದಿಲ್ಲ.

ಈ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದವರಿಗೆ ಇತಿಹಾಸದ ಮೇಲಿನ ಪ್ರೀತಿ ಎಂದು ಹೇಳುತ್ತಿದ್ದೆ. ಅದು ಸುಳ್ಳು. ನನಗೆ ಒಂದು ನಾಣ್ಯ ಬೇಕಾಗಿತ್ತು, ಅದು ಅಕ್ಕನಿಗೆ ಹೋಯಿತು. ಹಾಗಾಗಿ ಉಳಿದದ್ದನ್ನೆಲ್ಲ ಕೂಡಿಹಾಕಿದೆ.

ನಮ್ಮ ತವರು ಕಮಲಾಪುರ. ನಮ್ಮ ಮನೆತನದಲ್ಲಿ ಉಪ್ಪಿನ ಗಡಿಗೆಯ ತಳಕ್ಕೆ ಒಂದು ತಾಮ್ರದ ನಾಣ್ಯ ಹಾಕಿ, ಅದರ ಮೇಲೆ ಹರಳುಪ್ಪು ತುಂಬುವ ಪದ್ಧತಿ. ಉಪ್ಪು ಎಂದರೆ ಲಕ್ಷ್ಮಿ. ಗಡಿಗೆ ಬರಿದಾಗಬಾರದು, ಅಕಸ್ಮಾತ್ ಉಪ್ಪು ತೀರಿದರೂ ಕೈಗೆ ತಳ ಹತ್ತಬಾರದು, ನಾಣ್ಯ ಹತ್ತಬೇಕು. ಅವ್ವನ ಗಡಿಗೆಯಲ್ಲಿದ್ದದ್ದು ಒಂದು ಢಬ್ಬು. ಢಬ್ಬು ಎಂದರೆ ಹೈದರಾಬಾದ್ ಸಂಸ್ಥಾನದ ಹಳೇ ಕಾಲದ ದಪ್ಪ ತಾಮ್ರದ ನಾಣ್ಯ, ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದ್ದು. ಅದಕ್ಕೆ ಸರಿಯಾದ ದುಂಡು ಇಲ್ಲ, ಒಂದರಂತೆ ಇನ್ನೊಂದಿಲ್ಲ. ಅವ್ವನ ಢಬ್ಬುವಿಗೆ ಒಂದು ಬದಿಗೆ ಹಲ್ಲಿನಿಂದ ಕಚ್ಚಿದಂಥ ತಗ್ಗು. ಪ್ರತಿ ಅಮಾವಾಸ್ಯೆಗೆ ಅವ್ವ ಉಪ್ಪನ್ನೆಲ್ಲ ಮೊರಕ್ಕೆ ಸುರಿದು, ಢಬ್ಬು ತೆಗೆದು, ಒಣ ಬಟ್ಟೆಯಿಂದ ಒರೆಸಿ, ಒಲೆಯ ಕಟ್ಟೆಯ ಮೇಲೆ ಬಿಸಿಗೆ ಇಡುತ್ತಿದ್ದಳು. ಗಡಿಗೆಯನ್ನು ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಸಂಜೆಗೆ ಮತ್ತೆ ಎಲ್ಲ ಒಳಗೆ. ಆ ಹೊತ್ತಿನಲ್ಲಿ ಮಾತ್ರ ಅದನ್ನು ಮುಟ್ಟಲು ನಮಗೆ ಅನುಮತಿ. ಆ ಬಿಸಿ ಢಬ್ಬುವನ್ನು ಕೆನ್ನೆಗೆ ಒತ್ತಿಕೊಳ್ಳುವುದಕ್ಕೆ ಅಕ್ಕನಿಗೂ ನನಗೂ ಜಗಳವಾಗುತ್ತಿತ್ತು.

ಹಿರಿಮಗಳು ಹೊಸ ಒಲೆ ಹೂಡಿದಾಗ ತಾಯಿ ತನ್ನ ಗಡಿಗೆಯ ನಾಣ್ಯವನ್ನು ಮಗಳ ಗಡಿಗೆಯಲ್ಲಿ ತನ್ನ ಕೈಯಾರೆ ಇಡಬೇಕು, ಅದು ನಿಯಮ. ಅಕ್ಕನನ್ನು ಕಮಲಾಪುರದಲ್ಲೇ ಎರಡು ಓಣಿ ಆಚೆಗೆ ಕೊಟ್ಟರು, ಢಬ್ಬು ಅವಳ ಜೊತೆ ಹೋಯಿತು. ನನ್ನ ಮದುವೆಗೆ ಅವ್ವ ಬಿಳಿ ನಾಲ್ಕಾಣೆ ಒಂದನ್ನು ಉಪ್ಪಿನಲ್ಲಿ ಹಾಕಿ, "ನಿನಗೂ ಕೊಟ್ಟೆ ನೋಡು" ಎಂದಳು. ನನಗೆ ಅಳು ಬಂತು. ತವರು ಬಿಟ್ಟು ಹೋಗುವ ಅಳು ಎಂದು ಎಲ್ಲರೂ ಸಮಾಧಾನ ಮಾಡಿದರು. ನಾನು ಅತ್ತದ್ದು ನಾಲ್ಕಾಣೆಗೆ. ಆ ನಾಲ್ಕಾಣೆ ಇವತ್ತಿಗೂ ನನ್ನ ಉಪ್ಪಿನ ಡಬ್ಬಿಯಲ್ಲಿ ಬೆಳ್ಳಗೆ ಹಲ್ಲು ಕಿಸಿದುಕೊಂಡು ಕೂತಿದೆ, ಅದಕ್ಕೆ ಯಾವ ರೋಗವೂ ಬಂದಿಲ್ಲ.

ಎರಡು ವರ್ಷದ ಹಿಂದೆ ಅಕ್ಕನ ಮಗಳ ಮದುವೆ ಗೊತ್ತಾಯಿತು. ಹುಡುಗ ತಾಜಸುಲ್ತಾನಪುರದವನು, ಕೆಲಸ ಕಲಬುರಗಿಯಲ್ಲಿ, ಅಲ್ಲೇ ಗಾಜಿಪುರ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡುವುದೆಂದು ಮಾತಾಗಿತ್ತು. ದೀಪಾವಳಿ ಮುಗಿದ ಮೇಲೆ ಒಂದು ದಿನ ಅಕ್ಕ ಕಮಲಾಪುರದ ಬಸ್ಸಿಳಿದು ನಮ್ಮ ಮನೆಗೆ ಬಂದಳು. ಒಂದು ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ. ಇನ್ನೊಂದು ಕೈಯಲ್ಲಿ ಸೆರಗಿನ ತುದಿ ಮುಷ್ಟಿಯಾಗಿ ಹಿಡಿದುಕೊಂಡಿದ್ದಳು.

"ತಂಗಿ, ನಿನ್ನ ದವಾಖಾನಿಗಿ ಒಂದು ಪೇಶಂಟ್ ತಂದೀನಿ ನೋಡು" ಎಂದು ಗಂಟು ಬಿಚ್ಚಿದಳು.

ಢಬ್ಬು. ಇಷ್ಟು ವರ್ಷದ ಮೇಲೆ ಅದು ನನ್ನ ಕಣ್ಣ ಮುಂದೆ ಇತ್ತು, ಮತ್ತು ಅದರ ಗುರುತೇ ಸಿಗಲಿಲ್ಲ. ಮೈಯೆಲ್ಲ ಹಸಿ ಗಾಯದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅಲ್ಲಲ್ಲಿ ತಿಳಿ ಹಸಿರು ಪುಡಿ ತುಂಬಿದ ಕುಳಿಗಳು. ಹಲ್ಲಿನ ಗುರುತಿನ ಆ ತಗ್ಗು ಇದ್ದದ್ದರಿಂದ ಅದೇ ಎಂದು ಒಪ್ಪಿಕೊಂಡೆ.

"ಇದಕ್ಕ ಏನ್ ಹಚ್ಚಿದಿ ಅಕ್ಕಾ?"

"ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕೀನಿ. ಇನ್ನೇನ್ ಹಚ್ಚಬೇಕಿತ್ತು, ಸ್ನೋ ಪೌಡರಾ? ಮದುವಿ ಮನಿ ಪೈಸಾ ಕರ್ರಗ ಇದ್ರ ಬೀಗರು ಏನಂದಾರು?"

"ಈ ಹಸರ ಯಾವಾಗಿಂದ ಅದ?"

"ತಾಮ್ರ ಅಂದಮ್ಯಾಲ ಹಸರ ಬರ್ತದ. ಅದಕ್ಕೇ ನಿನ್ನ ಬಲ್ಲಿ ತಂದೀನಿ. ತಿಕ್ಕಿದ್ರ ಹೋಗ್ತದ, ಮರುದಿನ ಮತ್ತ ಬರ್ತದ."

ಮತ್ತೆ ಬರುತ್ತದೆ ಎಂದದ್ದೇ ನಾನು ಢಬ್ಬುವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತಾಮ್ರದ ಹಸಿರಿನಲ್ಲಿ ಎರಡು ಜಾತಿ. ಒಂದು ಗಟ್ಟಿ ಹಸಿರು, ಕಲ್ಲಿನ ಹಾಗೆ ಕೂತಿರುತ್ತದೆ, ಉಗುರಿಗೆ ಬರುವುದಿಲ್ಲ, ಅದರಿಂದ ನಾಣ್ಯಕ್ಕೆ ತೊಂದರೆ ಇಲ್ಲ. ಇನ್ನೊಂದು ತಿಳಿ ಹಸಿರು, ಸುಣ್ಣದ ಪುಡಿಯಂತೆ ಉದುರುತ್ತದೆ, ಒರೆಸಿದರೆ ಮತ್ತೆ ಹುಟ್ಟುತ್ತದೆ. ಅದು ರೋಗ. ಉಪ್ಪು ತಾಮ್ರದ ಒಳಗೆ ಇಳಿದು, ಗಾಳಿಯ ತೇವ ಸಿಕ್ಕಾಗಲೆಲ್ಲ ತಾಮ್ರವನ್ನು ತಿಂದು ಪುಡಿ ಮಾಡುತ್ತದೆ. ಬಿಟ್ಟರೆ ಇಡೀ ನಾಣ್ಯ ಪುಡಿಯಾಗುತ್ತದೆ. ಜೊತೆಗಿಟ್ಟ ನಾಣ್ಯಕ್ಕೂ ಬರುತ್ತದೆಂದು ಹೆದರಿ ನಾನಂತೂ ಅಂಥದ್ದನ್ನು ಪೆಟ್ಟಿಗೆಯ ಹತ್ತಿರ ಬಿಡುವುದಿಲ್ಲ.

"ಅವ್ವ ಢಬ್ಬು ಇಟ್ಟ ಗಡಿಗಿ ಎಲ್ಲದ?" ಎಂದು ಕೇಳಿದೆ.

"ಗಡಿಗಿ ಒಡದು ಯಾವ ಕಾಲ ಆತು. ಈಗ ಪ್ಲಾಸ್ಟಿಕ್ ಡಬ್ಬಿ. ನಲ್ಲಿ ಬಾಜೂಕ ಇಟ್ಟೀನಿ."

"ಅಮಾಸಿಗೊಮ್ಮೆ ಹೊರಗ ತಗೀತಿದ್ದೇನು?"

"ಅದೆಲ್ಲ ಯಾರ್ ಮಾಡ್ತಾರ ತಂಗಿ? ಹೊಲ, ದನ, ಮಕ್ಕಳು. ಮ್ಯಾಲಿಂದ ಮ್ಯಾಲ ಉಪ್ಪು ಸುರೀತಿದ್ದೆ."

ಮಣ್ಣಿನ ಗಡಿಗೆ ತೇವ ಹೀರಿಕೊಳ್ಳುತ್ತಿತ್ತು, ಅವ್ವ ತಿಂಗಳಿಗೊಮ್ಮೆ ಒಣಗಿಸುತ್ತಿದ್ದಳು. ಅವೆರಡೂ ಇಲ್ಲದೆ ಬರೀ ಉಪ್ಪು ಉಳಿದಿತ್ತು. ಪದ್ಧತಿಯಲ್ಲಿ ಕಷ್ಟದ ಅರ್ಧ ಬಿಟ್ಟು ಸುಲಭದ ಅರ್ಧ ಇಟ್ಟುಕೊಂಡಿದ್ದಳು ನಮ್ಮಕ್ಕ. ತಾಮ್ರದ ಹಸಿರು ವಿಷ, ಆ ಡಬ್ಬಿಯ ಉಪ್ಪನ್ನು ಇವತ್ತೇ ಚೆಲ್ಲು, ಅಡುಗೆಗೆ ಹಾಕಬೇಡ ಎಂದು ರೇಗಿದೆ. ಅವಳೂ ರೇಗಿದಳು. ನಿನ್ನನ್ನು ಕೇಳಿದ್ದು ಪೈಸೆಯ ವಿಷಯ, ನನ್ನ ಅಡುಗೆಯ ವಿಷಯ ಅಲ್ಲ ಎಂದಳು. ಕೊನೆಗೆ ನಾನು ಸಮಾಧಾನ ತಂದುಕೊಂಡು ಇದ್ದ ವಿಷಯ ಹೇಳಿದೆ: ರೋಗ ನಿಲ್ಲಿಸಲು ಪ್ರಯತ್ನ ಮಾಡಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ, ನಿಂತರೂ ಅದನ್ನು ಮತ್ತೆ ಉಪ್ಪಿಗೆ ಹಾಕಿದರೆ ಸಾಯುತ್ತದೆ.

"ಮದುವಿ ಬ್ಯಾಸಗ್ಯಾಗ ಅದ. ಅಷ್ಟರೊಳಗ ಆರಾಮ ಮಾಡು," ಎಂದಳು ಅಕ್ಕ. "ಆಮ್ಯಾಲ ಉಪ್ಪಿಗಿ ಹಾಕೋದು ನನ್ನ ಕೆಲಸ. ನಮ್ಮವ್ವ ನನಗ ಹೆಂಗ ಇಟ್ಟಳೋ ಹಂಗೇ ನನ್ನ ಮಗಳಿಗಿ ನಾ ಇಡಬೇಕು. ಅಷ್ಟೇ ನನಗ ಗೊತ್ತು."

ಅವಳು ಹೋದ ಮೇಲೆ ಕೆಲಸ ಶುರು ಮಾಡಿದೆ. ನಲ್ಲಿ ನೀರು ನಡೆಯುವುದಿಲ್ಲ, ನಮ್ಮ ಊರಿನ ನೀರಿನಲ್ಲೇ ಬೇಕಾದಷ್ಟು ಉಪ್ಪಿದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ. ಅದರಲ್ಲಿ ಅಡುಗೆ ಸೋಡಾ, ಬಟ್ಟೆ ಒಗೆಯುವ ಸೋಡಾ ಸಮಸಮ ಸ್ವಲ್ಪ ಕರಗಿಸಿ, ಗಾಜಿನ ಗ್ಲಾಸಿನಲ್ಲಿ ಢಬ್ಬು ಮುಳುಗಿಸಿ ಇಟ್ಟೆ. ಈ ಸೋಡಾ ನೀರು ಬಹಳ ನಿಧಾನವಾಗಿ ಒಳಗಿನ ಉಪ್ಪನ್ನು ಹೊರಗೆ ಎಳೆಯುತ್ತದೆ. ವಾರಕ್ಕೊಮ್ಮೆ ನೀರು ಬದಲಿಸಬೇಕು. ಬದಲಿಸುವಾಗ ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಕುಳಿಗಳಲ್ಲಿ ಮೆತ್ತಗಾದ ಪುಡಿಯನ್ನು ಮರದ ಹಲ್ಲುಕಡ್ಡಿಯಿಂದ ಬಿಡಿಸುತ್ತಿದ್ದೆ. ಸೂಜಿ, ಬ್ಲೇಡು ಯಾವುದೂ ಹತ್ತಿರ ಬರಕೂಡದು, ಲೋಹ ತಾಗಿದರೆ ಗೀರು ಬೀಳುತ್ತದೆ. ಒಂದು ಸಲ ಯಜಮಾನರು ಆ ಗ್ಲಾಸನ್ನು ಕುಡಿಯುವ ನೀರು ಎಂದು ಎತ್ತಿದರು. ನಾನು ಕಿರುಚಿದ ರೀತಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಆಮೇಲೆ ಗ್ಲಾಸು ಪುಸ್ತಕದ ಕಪಾಟಿನ ಮೇಲಕ್ಕೆ ಹೋಯಿತು.

ಮೊದಲ ತಿಂಗಳು ನೀರು ನೀಲಿಯಾಗುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಬಣ್ಣ ಬಿಡುವುದು ಕಡಿಮೆಯಾಯಿತು. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಸೋಡಾ ಹೋಗುವವರೆಗೆ ನೆನೆಸಿ, ಒಣಗಿಸಿ, ಪರೀಕ್ಷೆಗೆ ಇಟ್ಟೆ. ಪರೀಕ್ಷೆ ಎಂದರೆ ಒದ್ದೆ ಹತ್ತಿ ಹಾಕಿದ ಡಬ್ಬಿಯೊಳಗೆ, ಹತ್ತಿಗೆ ತಾಗದ ಹಾಗೆ, ನಾಣ್ಯ ಇಟ್ಟು ಮುಚ್ಚುವುದು. ರೋಗ ಉಳಿದಿದ್ದರೆ ತೇವಕ್ಕೆ ಎದ್ದು ಬರುತ್ತದೆ. ಎದ್ದು ಬಂತು. ತಗ್ಗಿನ ಪಕ್ಕದಲ್ಲೇ ಸಾಸಿವೆಯಷ್ಟು ಹಸಿರು. ಮತ್ತೆ ಸೋಡಾ, ಮತ್ತೆ ನೀರು. ಶಿವರಾತ್ರಿ ದಾಟಿ, ಬಿಸಿಲು ಏರಿದ ಮೇಲೆ ಎರಡನೆಯ ಪರೀಕ್ಷೆ ಮಾಡಿದೆ. ಡಬ್ಬಿ ತೆರೆಯಲು ಧೈರ್ಯ ಸಾಲದೆ ಯಜಮಾನರ ಕೈಗೆ ಕೊಟ್ಟೆ. "ಏನೂ ಇಲ್ಲಲ್ಲ" ಎಂದರು. ಕನ್ನಡಕ ಹಾಕಿಕೊಂಡು ನೋಡಿರಿ ಎಂದೆ. ಹಾಕಿಕೊಂಡು ನೋಡಿದರು. ಏನೂ ಇರಲಿಲ್ಲ.

ಹುಣಸೆಹುಳಿಯ ಅವಮಾನವನ್ನೂ ಅದು ಸಹಿಸಿಕೊಂಡಿತ್ತು. ಆ ಹಸಿ ಕೆಂಪು ಹೋಗಿ ಮಾಸಲು ಕಂದು ಬಣ್ಣಕ್ಕೆ ತಿರುಗಿತು. ಫಾರ್ಸಿ ಅಕ್ಷರದ ಒಂದೆರಡು ಗೆರೆ ಉಳಿದಿದ್ದವು, ಉಳಿದದ್ದನ್ನು ಉಪ್ಪು ತಿಂದಿತ್ತು. ಕುಳಿಗಳು ಹಾಗೇ ಇದ್ದವು. ಅವು ತುಂಬುವಂಥವಲ್ಲ. ಕೊನೆಗೆ ಮೆಡಿಕಲ್ ಅಂಗಡಿಯಿಂದ ತಂದ ಲಿಕ್ವಿಡ್ ಪ್ಯಾರಾಫಿನ್ನಿನ ಒಂದು ಹನಿಯನ್ನು ಬಟ್ಟೆಗೆ ಹಾಕಿ, ತೆಳ್ಳಗೆ ಸವರಿ, ಒರೆಸಿ ತೆಗೆದೆ. ಅಡುಗೆ ಎಣ್ಣೆ ಹಚ್ಚುವವರಿದ್ದಾರೆ, ಅದು ಜಿಡ್ಡುಗಟ್ಟಿ ಧೂಳು ಹಿಡಿಯುತ್ತದೆ.

ಆ ದಿನ ಯಾರೂ ಇಲ್ಲದಾಗ ಢಬ್ಬುವನ್ನು ಕೆನ್ನೆಗೆ ಒತ್ತಿಕೊಂಡೆ. ಎಣ್ಣೆ ಮೆತ್ತಿತು. ಬೆವರಲ್ಲೂ ಉಪ್ಪಿರುತ್ತದೆ, ನಾಣ್ಯವನ್ನು ಮೈಗೆ ತಾಗಿಸಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನೇ. ಮತ್ತೊಮ್ಮೆ ಒರೆಸಿದೆ.

ಆಗಲೇ ನನ್ನ ತಲೆಗೆ ಆ ಉಪಾಯ ಬಂದದ್ದು. ನನ್ನ ಪೆಟ್ಟಿಗೆಯಲ್ಲಿ ಇನ್ನೊಂದು ಢಬ್ಬು ಇತ್ತು. ನಮ್ಮ ಊರಿನ ರೋಜಾ ಬಡಾವಣೆಯಲ್ಲಿ, ದರ್ಗಾದ ರಸ್ತೆಯಲ್ಲಿ ಹಳೇ ಸಾಮಾನು ಮಾರುವವನೊಬ್ಬನ ಹತ್ತಿರ ಕೊಂಡದ್ದು. ಅವನು ಎಲ್ಲ ನಾಣ್ಯಗಳನ್ನೂ ಆಸಿಡ್‌ನಲ್ಲಿ ಅದ್ದಿ ಫಳಫಳ ಮಾಡಿ ಇಟ್ಟಿದ್ದ. "ಅಮ್ಮಾ, ಚಮಕ್ ನೋಡ್ರಿ, ಏಕದಮ್ ನಯಾ" ಎಂದು ನಾಣ್ಯ ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದ. ನಾನು ಅವನ ಡಬ್ಬಿಯ ತಳದಲ್ಲಿ ತೊಳೆಯದೆ ಬಿದ್ದಿದ್ದ ಕರಿ ಢಬ್ಬು ಆರಿಸಿದಾಗ, ಪಾಪ ಈಕೆಗೆ ಕಣ್ಣು ಕಾಣುವುದಿಲ್ಲ ಎಂದುಕೊಂಡಿರಬೇಕು. ಅವ್ವನದಕ್ಕೆ ಅದು ಹೆಚ್ಚೂ ಕಡಿಮೆ ಜೋಡಿ. ಅದೇ ತೂಕ, ಅದೇ ದಪ್ಪ, ಅಕ್ಷರಗಳು ಮಾತ್ರ ನಿಚ್ಚಳ. ನನ್ನ ಇಡೀ ಪೆಟ್ಟಿಗೆಯಲ್ಲಿ ನನಗೆ ಹೆಚ್ಚು ಇಷ್ಟದ್ದು ಅದೇ. ಅದನ್ನು ಉಪ್ಪಿಗೆ ಕೊಟ್ಟು, ಅವ್ವನದನ್ನು ನಾನು ಉಳಿಸಿಕೊಳ್ಳಬಹುದಲ್ಲ?

ಕದ್ದು ಬದಲಿಸುವ ಯೋಚನೆ ಇರಲಿಲ್ಲ, ಆ ತಗ್ಗು ಇರುವಾಗ ಅದು ಸಾಧ್ಯವೂ ಇರಲಿಲ್ಲ. ಎರಡನ್ನೂ ಕಾಗದದ ಕವರಿನಲ್ಲಿ ಬೇರೆಬೇರೆ ಇಟ್ಟುಕೊಂಡು ಕಮಲಾಪುರಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅವಳ ಮಗಳು ಒಳಗೆ ಫೋನಿನಲ್ಲಿದ್ದಳು. ನಾನು ಕಟ್ಟೆಯ ಮೇಲೆ ಎರಡೂ ಢಬ್ಬು ಇಟ್ಟು ಮಾತು ಶುರು ಮಾಡಿದೆ. ಬಹಳ ಜಾಣತನದಿಂದ ಮಾತಾಡುತ್ತಿದ್ದೇನೆ ಎಂದು ನನಗೆ ಅನ್ನಿಸಿತ್ತು.

"ಅವ್ವಂದು ಆರಾಮ ಆಗ್ಯಾದ ಅಕ್ಕಾ. ಮತ್ತ ಉಪ್ಪಿನಾಗ ಹಾಕಿದ್ರ ಹೋತದ. ಈ ಇನ್ನೊಂದು ಹಾಕು. ಇದೂ ಢಬ್ಬೇ. ಅವ್ವಂದು ನನ್ನ ಬಲ್ಲಿ ಭದ್ರ ಇರ್ತದ."

ಅಕ್ಕ ಮೊರ ಕೆಳಗಿಟ್ಟಳು.

"ಅಂದ್ರ ನೀ ಇದಕ್ಕೇ ಇಷ್ಟ ದಿನ ಔಷಧ ಮಾಡಿದಿ. ನಿನಗ ಮೊದಲಿಂದನೂ ಅದರ ಮ್ಯಾಲೇ ಕಣ್ಣು."

ಇಲ್ಲ ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ಹೌದು. ಇತ್ತು. ನನಗ ನಾಕಾಣೆ ಕೊಟ್ರು. ನೀ ತಗೊಂಡು ಹೋಗಿ ಪ್ಲಾಸ್ಟಿಕ್ ಡಬ್ಯಾಗ ಕೊಳಸಿದಿ."

"ಕೊಳಸೀನೋ, ಇಟ್ಟೀನೋ. ಅವ್ವ ಕೊಟ್ಟದ್ದು ನನಗ. ನನ್ನ ಮಗಳ ಗಡಿಗ್ಯಾಗ ಬಜಾರದ ಪೈಸಾ ಹಾಕಿ ನಾ ಯಾವ ಮುಖದಿಂದ ಇದು ನಮ್ಮವ್ವಂದು ಅನ್ನಲಿ?"

ಚಹಾಕ್ಕೂ ಕಾಯದೆ ಎರಡನ್ನೂ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಬಾಳೆಹಣ್ಣು ಮಾರುವವರು ಬಸ್ಸಿನ ಕಿಟಕಿಗೆ ಬಂದರು, ಅವರ ಮೇಲೂ ರೇಗಿದೆ. ಆಮೇಲೆ ಹಲವು ವಾರ ಅಕ್ಕ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಲಗ್ನಪತ್ರಿಕೆಯನ್ನು ಅವಳ ಮಗಳು ಒಬ್ಬಳೇ ಬಂದು ಕೊಟ್ಟು ಹೋದಳು.

ಆ ವಾರಗಳಲ್ಲಿ ಢಬ್ಬುವನ್ನು ದಿನಾ ತೆಗೆದು ನೋಡುತ್ತಿದ್ದೆ, ಅದೂ ಸರಿಯಲ್ಲ. ಅದು ಬದುಕಿತು ಎನ್ನುವುದಕ್ಕಿಂತ ಅದು ಮತ್ತೆ ಸಾಯಲು ಹೋಗುತ್ತಿದೆ ಎನ್ನುವುದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕೊಡುವುದಿಲ್ಲ ಎಂದು ಹಠ ಹಿಡಿಯಬಹುದಿತ್ತು. ಯಜಮಾನರನ್ನು ಕೇಳಿದೆ. ಅವರು ಪತ್ರಿಕೆಯಿಂದ ತಲೆ ಎತ್ತದೆ, "ಅದು ಯಾರದು?" ಎಂದರು. ಅಕ್ಕಂದು ಎಂದೆ. "ಮತ್ತ?" ಎಂದು ಪುಟ ತಿರುವಿದರು. ಇವರ ಇಂಥ ಮಾತಿಗೆ ನನಗೆ ಮೈ ಉರಿಯುತ್ತದೆ. ಢಬ್ಬುವನ್ನು ಕವರಿಗೆ ಹಾಕಿ ಎತ್ತಿಟ್ಟೆ.

ಮದುವೆ ಚೆನ್ನಾಗಿ ಆಯಿತು. ಅಲ್ಲಿ ನಾನು, ಅಕ್ಕ ನಗುನಗುತ್ತ ಫೋಟೋಕ್ಕೆ ನಿಂತೆವು. ಬೀಗರ ಮುಂದೆ ಜಗಳ ಕಾಣಬಾರದಲ್ಲ. ಗಾಜಿಪುರದ ಬಾಡಿಗೆ ಮನೆಯಲ್ಲಿ ಒಲೆ ಹೂಡುವ ದಿನ ಬೆಳಗ್ಗೆ ಅವ್ವನ ಢಬ್ಬುವಿನ ಕವರು ತೆಗೆದುಕೊಂಡು ಹೋದೆ. ಸಣ್ಣ ಅಡುಗೆಮನೆ. ಹಾಲು ಉಕ್ಕಿಸಿ ಆಗಿತ್ತು. ಗ್ಯಾಸ್ ಕಟ್ಟೆಯ ಮೇಲೆ ಹೊಸ ಮಣ್ಣಿನ ಗಡಿಗೆ ಇತ್ತು, ಪಕ್ಕದಲ್ಲಿ ಮೊರದ ತುಂಬ ಹರಳುಪ್ಪು. ಪ್ಲಾಸ್ಟಿಕ್ ಡಬ್ಬಿ ಎಲ್ಲೂ ಕಾಣಲಿಲ್ಲ, ಅದನ್ನು ಗಮನಿಸಿದೆ. ನಾನು ಅಕ್ಕನ ಅಂಗೈ ಮೇಲೆ ಢಬ್ಬು ಇಟ್ಟು, "ಇದು ನಿಂದು. ಏನರೆ ಮಾಡು" ಎಂದೆ.

ಅಕ್ಕ ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿದಳು. ಹುಣಸೆಹುಳಿಯ ಹೊಳಪು ಇಲ್ಲ ಎಂದು ಬೈಯುತ್ತಾಳೆ ಎಂದುಕೊಂಡೆ. ಅವಳು ಹೆಬ್ಬೆರಳಿನಿಂದ ಆ ತಗ್ಗು ಮುಟ್ಟಿದಳು.

"ಹಿಂಗೇ ಇತ್ತು," ಎಂದಳು. "ಅವ್ವನ ಒಲಿ ಕಟ್ಟಿ ಮ್ಯಾಲ ಹಿಂಗೇ ಕಾಣ್ತಿತ್ತು."

"ಚಿಗವ್ವಾ, ಉಪ್ಪಿಗಿ ಹಾಕಿದ್ರ ಇದು ಮತ್ತ ಹಾಳಾಗ್ತದಂತಲ್ಲ?" ಎಂದು ಮದುಮಗಳು ನನ್ನನ್ನು ಕೇಳಿದಳು. ಅಂಗಳದ ಜಗಳವನ್ನು ಒಳಗಿನಿಂದ ಕೇಳಿಸಿಕೊಂಡಿದ್ದಳು ಎಂದು ಕಾಣುತ್ತದೆ. ನಾನು ಅಕ್ಕನ ಮುಖ ನೋಡಿದೆ.

"ಆ ಇನ್ನೊಂದು ತಂದಿಯೇನು?" ಎಂದಳು ಅಕ್ಕ.

ಅದು ನನ್ನ ಪರ್ಸಿನಲ್ಲೇ ಇತ್ತು. ಕಮಲಾಪುರದಿಂದ ಬಂದ ದಿನ ಸಿಟ್ಟಿನಲ್ಲಿ ಹಾಕಿದ್ದನ್ನು ಪೆಟ್ಟಿಗೆಗೆ ಹಾಕಲು ಕೈ ಬಂದಿರಲಿಲ್ಲ. ತೆಗೆದು ಕೊಟ್ಟೆ. ಅಕ್ಕ ಅದನ್ನು ಗಡಿಗೆಯ ತಳಕ್ಕೆ ಇಟ್ಟು, ಮಗಳ ಕೈ ಹಿಡಿದು ಅದರ ಮೇಲೆ ಮೊದಲ ಬೊಗಸೆ ಉಪ್ಪು ಸುರಿಸಿದಳು. ನನ್ನ ಪೆಟ್ಟಿಗೆಯ ಅತಿ ಒಳ್ಳೆಯ ನಾಣ್ಯ ಉಪ್ಪಿನಡಿ ಮುಚ್ಚಿ ಹೋಗುವುದನ್ನು ನಿಂತು ನೋಡಿದೆ. ಹೊಟ್ಟೆ ಉರಿಯಿತು. ಸುಳ್ಳು ಹೇಳಲಾರೆ.

"ಇದು ನಿನ್ನ ಚಿಗವ್ವನ ಢಬ್ಬು," ಎಂದು ಅಕ್ಕ ಮಗಳಿಗೆ ಹೇಳಿದಳು. "ನಿನ್ನ ಮಗಳಿಗಿ ಇದೇ ಕೊಡು. ಅಮಾಸಿಗೊಮ್ಮೆ ಹೊರಗ ತಗದು ಒರಸಿ ಒಣಗಸಬೇಕು. ನಾ ಒರಸಲಿಲ್ಲ. ನೀ ಒರಸು."

"ಒರಸ್ತೀನಿ. ಅಡಿಗಿಗಿ ಪ್ಯಾಕೆಟ್ ಉಪ್ಪು ಬ್ಯಾರೆ ಇಡ್ತೀನವಾ, ಚಿಗವ್ವ ಮತ್ತ ಬೈತಾಳ" ಎಂದಳು ಅವಳು. ಮೂವರೂ ನಕ್ಕೆವು.

ಅವ್ವನ ಢಬ್ಬು ಅಕ್ಕನ ಕೈಯಲ್ಲೇ ಇತ್ತು. ಈಗ ಅದನ್ನು ನನಗೆ ಕೊಡುತ್ತಾಳೆ ಎಂದು ಕಾದೆ. ನನ್ನದು ಅವಳ ಮಗಳಿಗೆ ಹೋಯಿತು, ಅವಳದು ನನಗೆ ಬರಬೇಕು, ನ್ಯಾಯವಾಗಿ ಅದೇ ಲೆಕ್ಕ ಅಲ್ಲವೇ? ಅಕ್ಕ ಅದನ್ನು ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದಳು. ಊಟವಾಯಿತು, ಎಲೆ ಅಡಿಕೆ ಆಯಿತು. ಗಂಟು ಬಿಚ್ಚಲಿಲ್ಲ. ಸಂಜೆ ಅವಳನ್ನು ಬಸ್ಸಿಗೆ ಬಿಡಲು ಆಟೋದಲ್ಲಿ ಹೋಗುವಾಗ ನಾನು ಬಿಗಿದುಕೊಂಡು ಕೂತಿದ್ದೆ.

"ಇದನ್ನ ಹೆಂಗ ಇಡಬೇಕು ಹೇಳು" ಎಂದಳು ತಾನಾಗಿ.

ಸಿಟ್ಟಿನಲ್ಲೇ ಹೇಳಿದೆ. ಮೊದಲು ಆ ಗಂಟು ಬಿಚ್ಚು, ಸೆರಗಿನ ಬೆವರು ತಾಗುತ್ತದೆ. ಈ ಕಾಗದದ ಕವರಿನಲ್ಲಿ ಇಡು. ಪ್ಲಾಸ್ಟಿಕ್ ಚೀಲ ಬೇಡ, ಅದೂ ಹಸಿರು ಹಿಡಿಸುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ತೇವ ಹೀರುವ ಹರಳಿನ ಪೊಟ್ಟಣ ಒಂದು ಜೊತೆಗಿರಲಿ. ದೇವರ ಜಗಲಿಯ ಮೇಲೆ ಬೇಡ, ಅಭಿಷೇಕದ ನೀರು, ಕುಂಕುಮ ಬೀಳುತ್ತದೆ. ತಿಜೋರಿಯಲ್ಲಿಡು. ಅಂಚಿನಲ್ಲಿ ಹಿಡಿ. ಅಮಾವಾಸ್ಯೆಗೊಮ್ಮೆ ತೆಗೆದು ನೋಡು, ತಿಳಿ ಹಸಿರು ಕಂಡರೆ ಅವತ್ತೇ ನನಗೆ ಫೋನು ಮಾಡು. ಅಕ್ಕ ಒಂದೊಂದಕ್ಕೂ ಹೂಂ ಎಂದಳು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಹೊರಗೆ ತಲೆ ಹಾಕಿದಳು.

"ಅವ್ವ ನನಗ ಕೊಟ್ಟದ್ದು, ನಾ ಇರೂತನ ನನ್ನ ಬಲ್ಲೇ ಇರಲಿ ತಂಗಿ. ನಾ ಸತ್ತಮ್ಯಾಲ ನಿನಗ. ಮಗಳಿಗೂ ಹೇಳೀನಿ. ನೀ ನನಗಿಂತ ನಾಕು ವರ್ಷ ಸಣ್ಣಾಕಿ, ಸ್ವಲ್ಪ ಕಾಯಿ."

"ಯಾರ್ ಮೊದಲು ಹೋಗ್ತಾರೋ ಯಾರಿಗಿ ಗೊತ್ತು" ಎಂದೆ. ಬಸ್ಸು ಹೊರಟಿತು.

ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಅಕ್ಕನ ಫೋನು ಬರುತ್ತದೆ. ಮೊದಲೆಲ್ಲ ಹಬ್ಬಕ್ಕೋ ಕಾಯಿಲೆಗೋ ಮಾತಾಡುತ್ತಿದ್ದವರು ನಾವು. ಈಗ ತಿಂಗಳು ತಪ್ಪುವುದಿಲ್ಲ. "ತಗದು ನೋಡ್ದೆ. ಹಸರ ಇಲ್ಲ" ಎಂದು ಶುರು ಮಾಡುತ್ತಾಳೆ, ಆಮೇಲೆ ಮೊಣಕಾಲು ನೋವು, ತೊಗರಿಯ ಬೆಳೆ, ಮಗಳ ಬಸಿರು ಎಲ್ಲ ಬರುತ್ತವೆ. ಹೋದ ಮಳೆಗಾಲದಲ್ಲಿ ಒಂದು ಸಲ ಹಸಿರು ಕಂಡಿತೆಂದು ಗಾಬರಿಯಾಗಿ ಫೋನು ಮಾಡಿದಳು. ವಿಡಿಯೋದಲ್ಲಿ ತೋರಿಸು ಎಂದೆ. ಅವಳ ಬೆರಳಿಗೆ ಹತ್ತಿದ ಮೆಂತೆ ಸೊಪ್ಪಿನ ಚೂರು ಅದು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನನ್ನ ಪೆಟ್ಟಿಗೆಯ ಮೇಲಿನ ಹಲಗೆಯಲ್ಲಿ ನಟ್ಟನಡುವೆ ಒಂದು ಗುಂಡಿ ಖಾಲಿ ಇದೆ. ರೋಜಾದ ಢಬ್ಬು ಇದ್ದ ಜಾಗ. ಯಜಮಾನರು ಮೊನ್ನೆ ಅದನ್ನು ನೋಡಿ, ಬೇರೆ ಯಾವುದಾದರೂ ಇಡಬಾರದೇ, ಹಲ್ಲು ಬಿದ್ದ ಹಾಗೆ ಕಾಣುತ್ತದೆ ಎಂದರು. ಅದು ಅವ್ವನ ಢಬ್ಬುವಿನ ಜಾಗ ಎಂದೆ. ಚಿಕ್ಕಂದಿನಿಂದ ಬೇಕು ಬೇಕು ಎಂದು ಹಠ ಹಿಡಿದದ್ದು ಅದೊಂದೇ. ಈಗ ಅದು ಬರುವುದು ತಡವಾದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಆ ಗುಂಡಿ ತುಂಬಿದ ಮೇಲೆ ಅಮಾವಾಸ್ಯೆಗೆ ಕಮಲಾಪುರದಿಂದ ಫೋನು ಬರುವುದಿಲ್ಲ.